ಹೆಬ್ಬೆರಳಿಗೆ ಸಿಗದ ನುಣುಪು

ಜೂನ್ 3, ಸೋಮವಾರ

ಈ ಭೂಮಿಯ ಮೇಲೆ ಪುಡಿ ಅರೆಯುವುದರಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಸುದ್ದಿ ಕೇಳಿ ಬೇರೆ ಕಸುಬು ಹಿಡಿದಿರಬೇಕು. ಬಣ್ಣದ ಕಾರ್ಖಾನೆಯಲ್ಲಿದ್ದಾಗ ಒಮ್ಮೆ ನಾನು ಅರೆದ ನೀಲಿ ಎಷ್ಟು ನುಣ್ಣಗಿತ್ತೆಂದರೆ, ಮೂಟೆಯ ಬಾಯಿ ಬಿಚ್ಚಿದ ಕೂಡಲೇ ಹಾರಿಹೋಗಿ ಆಕಾಶಕ್ಕೆ ಅಂಟಿಕೊಂಡಿತು. ಮೂರು ದಿನ ಒಂದು ಮೋಡವೂ ಕಾಣಲಿಲ್ಲ. ಮಾಲೀಕರು ಅದನ್ನು ಕೆರೆದು ತರಲು ಉದ್ದದ ಏಣಿ ಹುಡುಕಿಸಿದರು. ನಂಬದವರು ನಂಬದೇ ಇರಲಿ, ಆಕಾಶ ಇವತ್ತಿಗೂ ನೀಲಿಯಾಗಿಯೇ ಇದೆ.

ಓದಿದ್ದು ಊರ ಶಾಲೆಯಲ್ಲಿ ಏಳನೆಯ ತರಗತಿ. ಆಮೇಲೆ ಮೂವತ್ತೊಂದು ವರ್ಷ ಮಿಲ್ಲಿನ ಮುಂದೆ. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಅಕ್ಕನ ಮನೆ ಸೇರಿದೆ. ಅಕ್ಕನ ಮಗಳು, ನಾವೆಲ್ಲ ಮರಿ ಎಂದು ಕರೆಯುವವಳು, ತಾನು ಸಂಶೋಧನೆ ಮಾಡುವ ಪ್ರಯೋಗಾಲಯದಲ್ಲೇ ನನಗೂ ಕೆಲಸ ಕೊಡಿಸಿದಳು. ಕೊಡಿಸಿದಳು ಎನ್ನುವುದಕ್ಕಿಂತ, ಅವರ ಪುಣ್ಯಕ್ಕೆ ನಾನು ಒಪ್ಪಿಕೊಂಡೆ ಎನ್ನಬೇಕು. ಫರ್ನೇಸು ಮತ್ತು ಮಿಲ್ಲು ನನ್ನ ವಶ. ಮಿಲ್ಲು ಹೊಲಿಗೆ ಯಂತ್ರದಷ್ಟೇ ಇದೆ. ನಾಲ್ಕು ಡಬ್ಬಿ, ಡಬ್ಬಿಯೊಳಗೆ ಸಾಸಿವೆ ಗಾತ್ರದ ಜಿರ್ಕೋನಿಯಾ ಗುಂಡುಗಳು, ಕಲ್ಲಿಗಿಂತ ಗಟ್ಟಿ. ಡಬ್ಬಿ ಗಿರಗಿರ ತಿರುಗಿದರೆ ಗುಂಡುಗಳ ನಡುವೆ ಸಿಕ್ಕಿದ ಪುಡಿ ಇನ್ನಷ್ಟು ಪುಡಿಯಾಗುತ್ತದೆ.

ಮರಿಯ ಗುರುಗಳಾದ ಪ್ರೊಫೆಸರರಿಗೆ ನಾನು ಬಿಸಿನೀರು ಎಂದು ಹೆಸರಿಟ್ಟಿದ್ದೇನೆ. ಫ್ಲಾಸ್ಕು ಬಿಟ್ಟು ಹೆಜ್ಜೆ ಇಡುವುದಿಲ್ಲ. ಆಕಾಶದ ಕಥೆಯನ್ನು ಅವರಿಗೂ ಹೇಳಿದೆ. ಒಂದು ಗುಟುಕು ನೀರು ಕುಡಿದು ಎದ್ದು ಹೋದರು.

ತಿಂಗಳ ಮೊದಲ ಸೋಮವಾರ ಗುಂಡು ತೂಗುವುದು ಕಾರ್ಖಾನೆಯ ಪದ್ಧತಿ. ಇಲ್ಲಿ ಯಾರೂ ಕೇಳುವುದಿಲ್ಲ, ಆದರೂ ಕೈ ಬಿಡದು. ನಾಲ್ಕು ಡಬ್ಬಿಯ ಗುಂಡು ಸೇರಿ 1609.9 ಗ್ರಾಂ. ಹೋದ ತಿಂಗಳಿಗಿಂತ ಒಂದು ಚೂರು ಕಡಿಮೆ, ಎಂದಿನಂತೆ.

ಜೂನ್ 9, ಭಾನುವಾರ

ಊಟದ ಹೊತ್ತಿಗೆ ಮರಿಯ ಪುಡಿಯ ಮಾತು ಬಂತು. ನಾಲ್ಕು ವರ್ಷದಿಂದ ಅವಳು ಒಂದೇ ಪುಡಿಯ ಬೆನ್ನು ಹತ್ತಿದ್ದಾಳೆ. ಬೇರಿಯಂ ಟೈಟನೇಟ್ ಅಂತೆ, ಪೆರೋವ್‌ಸ್ಕೈಟ್ ಜಾತಿಯ ಆಕ್ಸೈಡ್ ಅಂತೆ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಅನ್ನ ಆರುತ್ತದೆ. ಒಂಬತ್ತು ಬಾಟಲಿ ಮಾಡಿದ್ದಾಳೆ. ಒಂದನೆಯದರಲ್ಲಿ ಕಣದ ಗಾತ್ರ ಐನೂರು ನ್ಯಾನೋಮೀಟರ್, ಆಮೇಲೆ ಇಳಿಯುತ್ತ ಇಳಿಯುತ್ತ ಒಂಬತ್ತನೆಯದರಲ್ಲಿ ಇಪ್ಪತ್ತು. ಒಂದು ಕೂದಲನ್ನು ಎಂಬತ್ತು ಸಾವಿರ ಸೀಳು ಸೀಳಿದರೆ ಒಂದು ಸೀಳಿನ ದಪ್ಪ ಒಂದು ನ್ಯಾನೋಮೀಟರ್.

"ಹಾಗಾದ್ರೆ ಒಂಬತ್ತನೇದು ಒಂದೇ ಸರಿಯಾಗಿ ಬಂದಿರೋದು" ಅಂದೆ.

"ಇಲ್ಲ ಮಾಮ. ಎಲ್ಲಾನೂ ಬೇಕು. ಒಂಬತ್ತನೇದ್ರಲ್ಲಿ ಗುಣಾನೇ ಇಲ್ಲ."

"ನುಣ್ಣಗಿದೆ ಅಂದ್ಯಲ್ಲ."

"ನುಣ್ಣಗಿದೆ, ಅದಕ್ಕೇ ಇಲ್ಲ." ಅವಳು ತಟ್ಟೆಯ ಅಂಚಿನಲ್ಲಿ ಅನ್ನದ ಅಗುಳುಗಳನ್ನು ಸಾಲಾಗಿ ಇಟ್ಟಳು. "ಒಳಗೆ ಪುಟ್ಟ ಪುಟ್ಟ ಗೂಡು ಇರುತ್ತೆ ಅನ್ಕೋ. ಒಂದೊಂದು ಗೂಡಿನ ನಡುವೆ ಒಂದೊಂದು ಪರಮಾಣು. ಅದು ಸರಿಯಾಗಿ ಮಧ್ಯ ಕೂರಲ್ಲ, ಒಂದು ಕಡೆ ವಾಲಿರುತ್ತೆ. ಪಕ್ಕದ್ದೂ ವಾಲುತ್ತೆ, ಅದರ ಪಕ್ಕದ್ದೂ ವಾಲುತ್ತೆ. ಎಲ್ಲಾ ಒಂದೇ ಕಡೆ ವಾಲಿದ್ರೆ ಕರೆಂಟನ್ನ ಹಿಡಿದಿಡೋ ಶಕ್ತಿ ಬರುತ್ತೆ. ಫೋನು, ರೇಡಿಯೋ, ಎಲ್ಲಾದ್ರಲ್ಲೂ ಇದೇ ಇರೋದು. ಕಣ ತೀರಾ ಚಿಕ್ಕದಾದ್ರೆ ಒಳಗಿರೋರಿಗಿಂತ ಅಂಚಲ್ಲಿರೋರೇ ಜಾಸ್ತಿ ಆಗ್ತಾರೆ. ಆಗ ಯಾವುದೂ ವಾಲಲ್ಲ. ನೆಟ್ಟಗೆ ಮಧ್ಯ ಕೂತುಬಿಡ್ತವೆ."

"ಶಿಸ್ತು ಅಂದ್ರೆ ಅದೇ ಕಣೇ."

ಮರಿ ನಕ್ಕಳು. "ಆ ಗುಣ ಎಲ್ಲಿಂದ ಇಳಿಯುತ್ತೆ, ಎಲ್ಲಿ ಸಾಯುತ್ತೆ, ಅದನ್ನ ತೋರಿಸೋಕೇ ಒಂಬತ್ತು ಬಾಟಲಿ. ನನ್ನ ನಾಲ್ಕು ವರ್ಷ ಅಂದ್ರೆ ಅದೊಂದು ಗೆರೆ, ಅಷ್ಟೇ."

"ಇಬ್ಬರೂ ಪುಡಿ ತಿಂದು ಬದುಕಿ, ಅನ್ನ ಯಾಕೆ" ಎಂದು ಅಕ್ಕ ಪಾತ್ರೆ ಎತ್ತಿಕೊಂಡು ಹೋದಳು.

ಓದಿದವರ ದೊಡ್ಡ ಗುಣ ಇದು. ಅರೆಯಲು ಆಗದಿದ್ದರೆ ಅದಕ್ಕೂ ಒಂದು ಕಾರಣ ಹುಡುಕಿ ಇಡುತ್ತಾರೆ. ನನ್ನ ಮೂವತ್ತೊಂದು ವರ್ಷದಲ್ಲಿ ನುಣ್ಣಗಾಯಿತು ಎಂದು ಮೂಟೆ ವಾಪಸು ಬಂದದ್ದು ನಾನು ನೋಡಿಲ್ಲ.

ಜೂನ್ 14, ಶುಕ್ರವಾರ

ಜುಲೈ ಹತ್ತಕ್ಕೆ ಹೊರಗಿನಿಂದ ಇಬ್ಬರು ಪರೀಕ್ಷಕರು ಬರುತ್ತಾರೆ. ಮರಿಯ ಬಾಟಲಿಗಳನ್ನು ತಮ್ಮ ಕಣ್ಣೆದುರೇ ಅಳೆಯಿಸಿ ನೋಡುತ್ತಾರಂತೆ. ಆ ಅಳತೆ ಅವಳು ಪ್ರಬಂಧದ ಪುಸ್ತಕದಲ್ಲಿ ಬರೆದದ್ದಕ್ಕೆ ಹೊಂದಿದರೆ ಡಾಕ್ಟರು. ಜುಲೈ ಮೂವತ್ತೊಂದಕ್ಕೆ ಅವಳ ಅವಧಿ ಮುಗಿಯುತ್ತದೆ, ಆಮೇಲೆ ಒಂದು ದಿನವೂ ಇಲ್ಲ. ವಿದ್ಯಾರ್ಥಿವೇತನ ಆಗಲೇ ನಿಂತಿದೆ.

ಅಷ್ಟರಲ್ಲಿ ಅಕ್ಕನ ಕಣ್ಣಿನ ಆಪರೇಷನ್ನಿಗೆ ದಿನ ಸಿಕ್ಕಿತು. ದೂರದ ಆಸ್ಪತ್ರೆ, ಹದಿನಾಲ್ಕು ದಿನ ಅಲ್ಲೇ ಇರಬೇಕು. ಮರಿ ಜೊತೆಗೆ ಹೋಗುತ್ತಾಳೆ. ಬಾಟಲಿಗಳ ಕಪಾಟಿನ ಬೀಗದ ಕೈ ನನ್ನ ಅಂಗೈಯಲ್ಲಿಟ್ಟಳು.

"ಮಾಮ, ಇದು ನನ್ನ ಜೀವ."

"ನನ್ನ ಹತ್ರ ಇದ್ರೆ ಬ್ಯಾಂಕಲ್ಲಿ ಇದ್ದ ಹಾಗೆ" ಅಂದೆ.

ಅವಳು ಹೋದ ಮೇಲೆ ಕಪಾಟು ತೆರೆದು ನೋಡಿದೆ. ಒಂಬತ್ತು ಬಾಟಲಿ, ಒಂಬತ್ತು ಗಾತ್ರ. ಕಾರ್ಖಾನೆಯಲ್ಲಿ ಒಂದು ಲಾಟಿನ ಮೂಟೆಗಳಲ್ಲಿ ಎರಡು ಥರದ ಕಣ ಬಂದರೆ ಮೇಸ್ತ್ರಿ ಎಲ್ಲರ ಎದುರು ಮುಖಕ್ಕೆ ಉಗಿಯುತ್ತಿದ್ದ. ಇಲ್ಲಿ ಒಂಬತ್ತಕ್ಕೆ ಒಂಬತ್ತು ಥರ. ಪರೀಕ್ಷಕರು ಬಂದು ಇದನ್ನು ನೋಡಿದರೆ ಏನು ಗತಿ. ಮಿಲ್ಲು ನೋಡಿಕೊಳ್ಳುವವನು ಇವಳ ಸೋದರಮಾವ ಎಂಬುದು ಅವರ ಕಿವಿಗೆ ಬಿದ್ದರೆ ನನ್ನ ಮಾನದ ಗತಿ ಏನು.

ಜೂನ್ 17, ಸೋಮವಾರ

ಶುರು ಮಾಡಿದೆ. ಒಂಬತ್ತನೆಯ ಬಾಟಲಿ ಮಾದರಿ; ಅದನ್ನು ಮುಟ್ಟಲಿಲ್ಲ. ಒರಟಾಗಿದ್ದವುಗಳಲ್ಲಿ ಕೆಲವನ್ನು ಡಬ್ಬಿಗೆ ಹಾಕಿದ್ದೇನೆ, ಒಂದಕ್ಕೊಂದು ಬೆರೆಯದ ಹಾಗೆ, ಲೇಬಲ್ಲನ್ನು ಡಬ್ಬಿಯ ಮುಚ್ಚಳಕ್ಕೇ ಅಂಟಿಸಿ. ನಾನೇನು ದಡ್ಡನಲ್ಲ.

ಡಬ್ಬಿಗೆ ಪುಡಿ ಸಾಲದಿದ್ದರೆ ಗುಂಡು ಗುಂಡನ್ನೇ ತಿನ್ನುತ್ತದೆ. ಡಬ್ಬಿಯನ್ನು ಹೇಗೆ ಹದವಾಗಿ ತುಂಬಿಸಿದೆ ಎನ್ನುವುದು ಕಸುಬಿನ ಗುಟ್ಟು, ಇಲ್ಲಿ ಬರೆಯುವುದಿಲ್ಲ.

ಮರಿಗೆ ಇದು ಗೊತ್ತಾಗದೆ ಇರಲಿ, ಬಂದ ಮೇಲೆ ಆಶ್ಚರ್ಯವಾಗಲಿ. ಮಿಲ್ಲಿನ ರಿಜಿಸ್ಟರಿನಲ್ಲಿ "ಯಂತ್ರ ಖಾಲಿ" ಎಂದು ಬರೆದು ಸಹಿ ಹಾಕಿದೆ. ನನ್ನ ಸಹಿ ನೋಡಿದರೆ ಯಾರೂ ಏಳನೆಯ ಕ್ಲಾಸು ಅನ್ನುವುದಿಲ್ಲ.

ಜೂನ್ 22, ಶನಿವಾರ

ಮೊದಲ ಸರದಿ ಇಳಿಸಿದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಜ್ಜಿ ನೋಡಿದೆ. ಏನೂ ಸಿಗಲಿಲ್ಲ. ಬೆರಳಿಗೆ ಬೆರಳೇ ಸಿಕ್ಕಿತು. ಇದಕ್ಕಿಂತ ನುಣುಪು ಇನ್ನು ಗಾಳಿ ಮಾತ್ರ. ಎರಡನೆಯ ಸರದಿ ಹಾಕಿದೆ. ರಿಜಿಸ್ಟರಿನಲ್ಲಿ ಯಂತ್ರ ಖಾಲಿ.

ಎಕ್ಸ್-ರೇ ಯಂತ್ರ ನಡೆಸುವವನು ಬಾಗಿಲಲ್ಲಿ ಇಣುಕಿ, "ಏನಣ್ಣ, ರಜೆಯಲ್ಲೂ ಸದ್ದು" ಅಂದ.

"ಹೊಟ್ಟೆ ಹಸಿದಿದೆಯಂತೆ, ಮಿಲ್ಲು ಗೊಣಗ್ತಿದೆ" ಅಂದೆ. ನಕ್ಕು ಹೋದ. ಅವನು ಎರಡು ದಿನದಲ್ಲಿ ಮದುವೆಗೆಂದು ಊರಿಗೆ ಹೊರಡುವವನು, ನಾಲಿಗೆ ಆಗಲೇ ಮದುವೆ ಊಟದಲ್ಲಿತ್ತು.

ಜೂನ್ 28, ಶುಕ್ರವಾರ

ಮುಗಿಯಿತು. ಪ್ರತಿ ಬಾಟಲಿಯನ್ನೂ ತಕ್ಕಡಿಯಲ್ಲಿಟ್ಟು ಲೇಬಲ್ಲಿನ ಮೇಲಿದ್ದ ತೂಕಕ್ಕೆ ಸರಿಯಾಗಿ ತುಂಬಿದೆ. ಒಂದು ಗ್ರಾಂ ಕಡಿಮೆಯಿಲ್ಲ. ಅರೆದ ಪುಡಿ ಡಬ್ಬಿಯ ಗೋಡೆಗೆ ಹಿಡಿದು ನಷ್ಟವಾಗುವುದು ಎಂಥ ಮಿಲ್ಲಿನಲ್ಲೂ ಉಂಟು. ನನ್ನ ಕೈಯಲ್ಲಿ ಅದೂ ಆಗಲಿಲ್ಲ.

ಕಪಾಟಿನಲ್ಲಿ ಬಾಟಲಿಗಳನ್ನು ಸಾಲಾಗಿಟ್ಟು ದೂರ ನಿಂತು ನೋಡಿದೆ. ಒಂದೇ ತಾಯಿಯ ಮಕ್ಕಳ ಹಾಗೆ ಕಂಡವು.

ಜುಲೈ 1, ಸೋಮವಾರ

ಅಕ್ಕ, ಮರಿ ನಿನ್ನೆ ಬಂದರು. ಅಕ್ಕನಿಗೆ ಗೋಡೆಯ ಮೇಲಿನ ಇರುವೆ ಕೂಡ ಕಾಣುತ್ತಿದೆಯಂತೆ. ನನ್ನ ಮುಖ ನೋಡಿ, "ಇಷ್ಟು ದಿನ ನೀನು ಚೆನ್ನಾಗಿದ್ದೆ" ಅಂದಳು.

ಗುಂಡು ತೂಗಿದೆ. 1607.5. ತಿಂಗಳಿಗೆ ಒಂದು ಚೂರು ಸವೆಯುವುದು ಇಷ್ಟು ಸವೆದಿದೆ. ಈ ಪರಿ ದುಡಿದರೆ ಜಿರ್ಕೋನಿಯಾ ಕೂಡ ಸವೆಯುತ್ತದೆ, ನಾನೊಬ್ಬನೇ ಸವೆಯುವುದಿಲ್ಲ.

ಮರಿಗೆ ಇನ್ನೂ ಹೇಳಿಲ್ಲ. ಪರೀಕ್ಷಕರ ಮುಂದೆಯೇ ಅವಳ ಮುಖ ಅರಳಲಿ.

ಜುಲೈ 10, ಬುಧವಾರ

ಅರಳಲಿಲ್ಲ.

ಮೊದಲು ಎರಡನೆಯ ಬಾಟಲಿ ಕೇಳಿದರು. ಮರಿ ಪುಡಿಯನ್ನು ಅಚ್ಚಿಗೆ ಹಾಕಿ ಬಿಲ್ಲೆ ಒತ್ತಿದಳು, ತಂತಿ ಹಿಡಿಸಿದಳು, ಯಂತ್ರ ಒತ್ತಿದಳು. ಪರದೆಯ ಮೇಲೆ ಗೆರೆ ನೆಲಕ್ಕೆ ಮಲಗಿತು. ಅವಳು ತಂತಿ ಬಿಚ್ಚಿ ಮತ್ತೆ ಹಿಡಿಸಿದಳು. ಮತ್ತೆ ಮಲಗಿತು. ನಾಲ್ಕನೆಯ ಬಾಟಲಿ ಕೇಳಿದರು. ಐದನೆಯದು. ಒಂದನೆಯದು. ಪರೀಕ್ಷಕರಲ್ಲಿ ಹಿರಿಯರು ಅವಳ ಪುಸ್ತಕದ ಪುಟ ತಿರುಗಿಸಿ, ಪರದೆ ನೋಡಿ, ಪುಟ ನೋಡಿ, "ಇದು ಯಾವಾಗ ಅಳೆದಿದ್ದಮ್ಮ" ಎಂದು ಕೇಳಿದರು. ಅವರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

ನಾನು ಫರ್ನೇಸಿನ ಪಕ್ಕ ನಿಂತಿದ್ದೆ. ಮರಿ ಒಮ್ಮೆ ನನ್ನ ಕಡೆ ನೋಡಿದಳು. ಮನೆಯವರು ಯಾರಾದರೂ ಇದ್ದಾರಾ ಎಂದು ನೋಡುವ ಹಾಗೆ.

ಜುಲೈ 11, ಗುರುವಾರ

ಅಳೆಯುವ ಯಂತ್ರ ಕೆಟ್ಟಿರಬೇಕು. ಪುಡಿಯಲ್ಲಿ ಹೆಚ್ಚುಕಡಿಮೆ ಆಗಿದ್ದರೂ ಒಂದು ಚಮಚದಷ್ಟು ಇರಬಹುದು.

ಜುಲೈ 13, ಶನಿವಾರ

ಮರಿ ಎರಡು ಹಾಳೆಗಳನ್ನು ಊಟದ ಮೇಜಿನ ಮೇಲೆ ಹರಡಿ ಕೂತಿದ್ದಳು. ಒಂದರಲ್ಲಿ ಹಳೆಯ ಗೆರೆ. ಎಡದಿಂದ ಎತ್ತರದಲ್ಲಿ ಹೊರಟು, ಮೂರನೆಯ ಬಾಟಲಿಯ ಹತ್ತಿರ ಇಳಿಜಾರು ಹಿಡಿದು, ಆರನೆಯದರ ಹತ್ತಿರ ಜಾರಿ, ಒಂಬತ್ತನೆಯದರಲ್ಲಿ ನೆಲ ಮುಟ್ಟುತ್ತಿತ್ತು. ಇನ್ನೊಂದು ನಿನ್ನೆ ಅವಳೇ ಎಲ್ಲವನ್ನೂ ಮತ್ತೆ ಅಳೆದದ್ದು. ಒಂದರಿಂದ ಒಂಬತ್ತರವರೆಗೆ ಸಪಾಟು. ಅಂಗಳ ಗುಡಿಸಿದ ಹಾಗೆ.

"ಎಲ್ಲಾನೂ ಇಪ್ಪತ್ತರ ಹತ್ರ ಇದೆ ಮಾಮ. ಐನೂರು ಇದ್ದದ್ದು ಇಪ್ಪತ್ತು ಹೇಗಾಗುತ್ತೆ? ಬಿಸಿ ಮಾಡಿದ್ರೆ ಕಣ ಬೆಳೆಯುತ್ತೆ. ಬಾಟಲೀಲಿ ಕೂತು ಸಣ್ಣ ಆಗಲ್ಲ."

"ಯಂತ್ರ..."

"ಮೂರು ಯಂತ್ರದಲ್ಲಿ ನೋಡ್ದೆ." ಅವಳು ಹಳೆಯ ಗೆರೆಯ ಮೇಲೆ ಬೆರಳಿಟ್ಟು ಇಳಿಜಾರಿನುದ್ದಕ್ಕೂ ಎಳೆದಳು. "ಹಾಗಾದ್ರೆ ನಾಲ್ಕು ವರ್ಷ ನಾನು ಏನು ನೋಡ್ದೆ?"

ಆ ಹೊತ್ತಿಗೆ ನನಗೆ ತಿಳಿಯಿತು. ಅವಳು ಅನ್ನದ ಅಗುಳಿಟ್ಟು ಹೇಳಿದ್ದು, ವಾಲುವುದು, ವಾಲದೆ ಕೂರುವುದು, ಎಲ್ಲ ಒಟ್ಟಿಗೆ ತಿಳಿಯಿತು. ಒರಟು ಪುಡಿ ಒರಟಾಗಿ ಇರಬೇಕಾದದ್ದೇ ಆಗಿತ್ತು. ಅದನ್ನು ಅಷ್ಟು ಗಾತ್ರಕ್ಕೆ ಬೆಳೆಸಿ ನಿಲ್ಲಿಸುವುದೇ ಕೆಲಸವಾಗಿತ್ತು. ಫರ್ನೇಸಿನ ಮುಂದೆ ಅವಳು ಗಂಟೆಗಟ್ಟಲೆ ಕೂರುತ್ತಿದ್ದುದು ಅದಕ್ಕೆ. ನಾನು ಅದನ್ನು ಚಳಿ ಕಾಯಿಸುವುದು ಎಂದು ಚೇಷ್ಟೆ ಮಾಡುತ್ತಿದ್ದೆ.

ಹೇಳಲು ಬಾಯಿ ತೆರೆದೆ. "ಚಹಾ ಮಾಡ್ಲಾ" ಎಂದು ಬಂತು.

ನನ್ನಿಂದ ಒಂದು ಬಾಟಲಿ ಕೆಟ್ಟಿರಬಹುದು. ಹೆಚ್ಚೆಂದರೆ ಎರಡು.

ಜುಲೈ 15, ಸೋಮವಾರ

ಬೆಳಿಗ್ಗೆ ಮರಿ ಹಾರಿಕೊಂಡು ಬಂದಳು. "ಮಾಮ, ಮೀಸಲು ಇದೆ. ಪ್ರತಿ ಬಾಟಲಿಯಿಂದ ಹತ್ತು ಹತ್ತು ಗ್ರಾಂ ತೆಗೆದು ಪುಟ್ಟ ಸೀಸೆಗಳಲ್ಲಿ ಇಟ್ಟಿದ್ದೆ. ಕಪಾಟಿನ ಕೆಳಗಿನ ಅರೆಯಲ್ಲಿ. ಅದನ್ನ ಅಳೆದ್ರೆ ಮುಗೀತು." ಮೊಣಕಾಲೂರಿ ಅರೆಯೊಳಗೆ ಕೈ ಹಾಕಿದಳು.

ಒಂಬತ್ತು ಸೀಸೆಗಳಿದ್ದವು. ಒಂಬತ್ತನೆಯದರಲ್ಲಿ ಪುಡಿ ಇತ್ತು. ಉಳಿದ ಎಂಟು ಖಾಲಿ, ತೊಳೆದು, ಒರೆಸಿ, ಬೋರಲು ಹಾಕಿ ಸಾಲಾಗಿಟ್ಟಿದ್ದವು.

ಅವಳು ಒಂದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. "ನಾನೇ ಯಾವಾಗಲೋ ಬಳಸಿ ತೊಳೆದಿಟ್ಟಿದೀನಿ. ನೆನಪೇ ಇಲ್ಲ." ಆಮೇಲೆ ಸಣ್ಣ ದನಿಯಲ್ಲಿ, "ನನಗೆ ಏನಾಗಿದೆ ಮಾಮ" ಅಂದಳು.

ಇವತ್ತು ಬಿಸಿಲು ಜೋರು.

ಜುಲೈ 19, ಶುಕ್ರವಾರ

ನಾಲ್ಕು ದಿನದಿಂದ ನನ್ನ ತಲೆಯಲ್ಲಿ ಒಂದೇ ಮಾತು: ಬಿಸಿ ಮಾಡಿದ್ರೆ ಕಣ ಬೆಳೆಯುತ್ತೆ. ಕೊನೆಗೆ ಮರಿಗೆ ಹೇಳಿದೆ.

"ಅರೆದದ್ದನ್ನ... ಅಂದ್ರೆ ಸಣ್ಣ ಆಗಿರೋದನ್ನ ಮತ್ತೆ ಫರ್ನೇಸಿಗೆ ಹಾಕಿದ್ರೆ?"

ಅವಳು ನನ್ನನ್ನು ನೋಡಿದಳು. "ನೋಡಬಹುದು" ಅಂದಳು.

ಮೂರನೆಯ ಬಾಟಲಿಯಿಂದ ಐದು ಗ್ರಾಂ. ಒಂಬೈನೂರು ಡಿಗ್ರಿ. ಬೆಳಿಗ್ಗೆ ಎಂಟಕ್ಕೆ ಹಾಕಿ ಸಂಜೆಯವರೆಗೆ ನಾನು ಸ್ಟೂಲು ಬಿಟ್ಟು ಏಳಲಿಲ್ಲ. ಕೆಂಪು ದೀಪ ಹತ್ತುತ್ತ ಆರುತ್ತ ಇತ್ತು. ಬೆಳೀರಪ್ಪಾ, ಬೆಳೀರಿ ಎಂದು ಬಾಯಿಬಿಟ್ಟು ಹೇಳಿದೆ. ಮೂವತ್ತೊಂದು ವರ್ಷ ಸಣ್ಣ ಆಗಿ, ಸಣ್ಣ ಆಗಿ ಎಂದು ಹೇಳಿದ ಬಾಯಿ.

ಜುಲೈ 20, ಶನಿವಾರ

ಬೆಳೆದವು. ಗುಣವೂ ಮರಳಿತು, ಆದರೆ ಬೇರೆಯವರ ಮನೆಗೆ ಬಂದ ಹಾಗೆ. ಪುಡಿಯನ್ನು ಬಿಸಿ ಮಾಡುತ್ತ ಅಳೆಯುತ್ತ ಹೋದರೆ ಒಂದು ಡಿಗ್ರಿಯಲ್ಲಿ ಗೆರೆ ನೆಟ್ಟಗೆ ಏರಿ ಶಿಖರ ಕಟ್ಟಬೇಕು. ಇಲ್ಲಿ ಶಿಖರ ತನ್ನ ಜಾಗ ಬಿಟ್ಟು ಕೆಳಗಿನ ಡಿಗ್ರಿಗೆ ಸರಿದಿತ್ತು, ತಲೆ ಚಪ್ಪಟೆಯಾಗಿತ್ತು. ಪುಡಿ ಕೂಡ ಗಂಟುಗಂಟು.

"ಇದರಲ್ಲಿ ಇನ್ನೇನೋ ಸೇರಿದೆ" ಎಂದಳು ಮರಿ. ಎಕ್ಸ್-ರೇಯವನು ಇವತ್ತೇ ನೋಡಿಕೊಟ್ಟ. ಎಂಟು ಬಾಟಲಿಯಲ್ಲೂ ಜಿರ್ಕೋನಿಯಂ. ಒಂಬತ್ತನೆಯದರಲ್ಲಿ ಮಾತ್ರ ಇಲ್ಲ.

"ಇದು ಮಿಲ್ಲಿನ ಗುಂಡಿಂದ ಬರೋದು" ಎಂದ ಅವನು. "ನೀನು ಫರ್ನೇಸಲ್ಲಿ ಮಾಡ್ದೆ ಅಂತ ಬರೆದಿದೀಯ."

"ಫರ್ನೇಸಲ್ಲೇ ಮಾಡಿದ್ದು."

ಅವನು ಕಾಗದವನ್ನು ಅವಳಿಗೆ ಕೊಟ್ಟ, ಮುಖ ನೋಡಲಿಲ್ಲ. ಅವನಿಗೆ ಆ ಶನಿವಾರದ ಸದ್ದು ನೆನಪಾಗಲಿ ಎಂದು ನಾನು ಕಾದೆ. ಆಗಲಿಲ್ಲ. ನೆನಪಾಗದಿರಲಿ ಎಂದೂ ಕಾದೆ.

ಜುಲೈ 24, ಬುಧವಾರ

ಬಿಸಿನೀರು ಮರಿಯನ್ನು ಕೋಣೆಗೆ ಕರೆದರು. ಬಾಗಿಲು ತೆರೆದೇ ಇತ್ತು. ನಾನು ಹೊರಗೆ ಬೆಂಚಿನ ಮೇಲೆ.

"ನೋಡಮ್ಮ, ಪುಡೀನ ಮಿಲ್ಲಲ್ಲಿ ಅರೆದು, ಫರ್ನೇಸಲ್ಲಿ ಬೆಳೆಸ್ದೆ ಅಂತ ಬರೆದ್ರೆ ಅದಕ್ಕೆ ಏನಂತಾರೆ ಅನ್ನೋದು ನಿಂಗೂ ಗೊತ್ತು. ಆ ಗೆರೆ ಎಲ್ಲಿಂದ ತಂದೆ ಅಂತ ನಾನು ಕೇಳಲ್ಲ. ಕೇಳಿದ್ರೆ ಕಮಿಟಿ ಕೂರಿಸ್ಬೇಕಾಗುತ್ತೆ. ನೀನಾಗೇ ಪ್ರಬಂಧ ವಾಪಸ್ ತಗೊಂಡ್ರೆ ಅಷ್ಟಕ್ಕೇ ಮುಗಿಯುತ್ತೆ. ಮೂವತ್ತೊಂದರೊಳಗೆ ಪತ್ರ ಕೊಡು."

"ಸಾರ್, ನಾನು ಸುಳ್ಳು ಬರೆದಿಲ್ಲ."

"ಪುಡಿ ಬೇರೆ ಹೇಳ್ತಿದೆಯಲ್ಲಮ್ಮ."

ಹೊರಗೆ ಬಂದವಳು ನನ್ನ ಪಕ್ಕ ಕೂತಳು. ಅಳಲಿಲ್ಲ. "ಅಮ್ಮನಿಗೆ ಏನಂತ ಹೇಳೋದು" ಎಂದಳು. "ಫೇಲ್ ಆದೆ ಅಂತ ಹೇಳಬಹುದು. ಕಳ್ಳಿ ಅಂತ ಹೇಗೆ ಹೇಳೋದು?"

ಜುಲೈ 25, ಗುರುವಾರ

ಹೋದೆ. ಮುಖ ತೊಳೆದು, ಒಗೆದ ಅಂಗಿ ಹಾಕಿಕೊಂಡು ಹೋದೆ.

"ಸಾರ್, ಪುಡಿ ಅರೆದಿದ್ದು ನಾನು. ಮರಿಗೆ ಗೊತ್ತಿಲ್ಲ."

ಅವರು ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿಕೊಂಡರು. "ಆಕಾಶಕ್ಕೆ ಬಣ್ಣ ಹೊಡೆದೋರು ನೀವೇ ತಾನೇ?"

"ಅದು ಬೇರೆ ಸಾರ್. ಇದು ನಿಜ."

"ಓಡ್ತಿದ್ದ ಮಿಲ್ಲನ್ನ ಒಂದೇ ಕೈಲಿ ಹಿಡಿದು ನಿಲ್ಲಿಸ್ದೆ ಅಂದ್ರಿ. ಅವತ್ತೂ ನಿಜ ಅಂದಿದ್ರಿ."

"ಸಾರ್, ಅವಳು ಊರಲ್ಲಿರ್ಲಿಲ್ಲ. ಆ ಎರಡು ವಾರ ಮಿಲ್ಲು ಓಡ್ತಾನೇ ಇತ್ತು."

ಅವರು ಎದ್ದು ಹೋಗಿ ರಿಜಿಸ್ಟರು ತಂದು ನನ್ನ ಮುಂದೆ ತೆರೆದಿಟ್ಟರು. ಯಂತ್ರ ಖಾಲಿ. ಯಂತ್ರ ಖಾಲಿ. ಹನ್ನೆರಡು ಸಾಲು, ಹನ್ನೆರಡು ಸಹಿ. ಎಷ್ಟು ಚೆಂದದ ಸಹಿ.

"ಮನೆ ಹುಡುಗಿ ಮೇಲೆ ಪ್ರೀತಿ ಇರ್ಬೇಕು, ಬೇಡ ಅನ್ನಲ್ಲ" ಎಂದರು. "ಆದ್ರೆ ಈ ವಯಸ್ಸಲ್ಲಿ ಸಿಕ್ಕಿರೋ ಕೆಲಸ. ಹೋಗಿ, ನಾನು ಕೇಳಿಸ್ಕೊಂಡಿಲ್ಲ."

ಸಂಜೆ ಮರಿಗೂ ಹೇಳಿದೆ. ಅವಳಿಗೆ ಆಗಲೇ ಸುದ್ದಿ ಮುಟ್ಟಿತ್ತು. ಹದಿನೈದು ದಿನದಲ್ಲಿ ಮೊದಲ ಸಲ ನಕ್ಕಳು.

"ಮಾಮ, ನೀನು ಹೇಳಿದ ಸುಳ್ಳುಗಳಲ್ಲೆಲ್ಲಾ ಇದೇ ಚೆನ್ನಾಗಿದ್ದದ್ದು."

"ಸುಳ್ಳಲ್ಲ ಕಣೇ."

"ಸಾಕು. ನನಗೋಸ್ಕರ ಯಾರೂ ಇಷ್ಟು ಮಾಡಿಲ್ಲ." ಅವಳು ತನ್ನ ತಟ್ಟೆಯಲ್ಲಿದ್ದುದನ್ನೂ ನನಗೇ ಬಡಿಸಿದಳು. ಅಕ್ಕ ಸೆರಗಿನಿಂದ ಹೊಸ ಕಣ್ಣು ಒರೆಸಿಕೊಂಡಳು.

ತಿನ್ನಲಾಗಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ತಿಂದೆ.

ಜುಲೈ 27, ಶನಿವಾರ

ಮರಿ ವಾಪಸಾತಿ ಪತ್ರ ಬರೆದಿದ್ದಾಳೆ. ಆರು ಸಾಲು.

ಜುಲೈ 29, ಸೋಮವಾರ

ಕಪಾಟು ಖಾಲಿ ಮಾಡಿಕೊಡಬೇಕಂತೆ. ಅವಳು ಬಾಟಲಿಗಳನ್ನು ರಟ್ಟಿನ ಪೆಟ್ಟಿಗೆಗೆ ಹಾಕುತ್ತಿದ್ದಳು. "ಇದನ್ನ ಎಲ್ಲಿ ಎಸೀಬೇಕು ಮಾಮ" ಎಂದು ಕೇಳಿದಳು. ಕಾರ್ಖಾನೆಯಲ್ಲಿ ಇಂಥದ್ದಕ್ಕೆ ಹಿತ್ತಲಲ್ಲಿ ಒಂದು ಗುಂಡಿ ಇತ್ತು ಎಂದೆ. ನಿಜವಾಗಿಯೂ ಇತ್ತು.

ಹಳೆಯ ಅಭ್ಯಾಸದಂತೆ ಚಿಟಿಕೆ ಪುಡಿ ತೆಗೆದು ಹೆಬ್ಬೆರಳಲ್ಲಿ ಉಜ್ಜಿದೆ. ಒಂದನೆಯ ಬಾಟಲಿಯದು. ಆಮೇಲೆ ಒಂಬತ್ತನೆಯದು. ಎರಡೂ ಒಂದೇ. ಆಗಲೂ ಒಂದೇ ಇದ್ದಿರಬೇಕು. ಐನೂರು ನ್ಯಾನೋಮೀಟರ್ ಇದ್ದಾಗಲೂ ನನ್ನ ಹೆಬ್ಬೆರಳಿಗೆ ಅದು ಸಿಗುತ್ತಿರಲಿಲ್ಲ. ನಾನು ಅದನ್ನು ಅವತ್ತು ಮುಟ್ಟಿ ನೋಡಿಯೇ ಇರಲಿಲ್ಲ. ಲೇಬಲ್ ಓದಿ ಒರಟು ಅಂದುಕೊಂಡೆ.

ಜುಲೈ 30, ಮಂಗಳವಾರ, ಬೆಳಿಗ್ಗೆ ಏಳು

ಮಿಲ್ಲಿನ ಕೋಣೆಯಲ್ಲಿ ಕೂತಿದ್ದೇನೆ. ಇನ್ನೂ ಯಾರೂ ಬಂದಿಲ್ಲ. ಗುಂಡು ತೂಗಿದೆ. 1607.5. ಆಮೇಲೆ ಯಾರೂ ಮಿಲ್ಲು ಓಡಿಸಿಲ್ಲ.

ಈ ಪುಸ್ತಕದಲ್ಲಿ ಎರಡು ಕಡೆ ತೂಕ ಇದೆ. ಮರಿ ಆಸ್ಪತ್ರೆಗೆ ಹೋಗುವ ಮುಂಚೆ ಒಂದು, ಬಂದ ಮರುದಿನ ಒಂದು. ನಡುವೆ 2.4 ಗ್ರಾಂ ಗುಂಡು ಕಾಣೆ. ಅದು ಎಲ್ಲಿಗೆ ಹೋಯಿತು ಎಂಬುದು ಎಕ್ಸ್-ರೇಯವನ ಕಾಗದದಲ್ಲಿದೆ. ಬಿಸಿನೀರು ತಾವೇ ತೂಗಿ ನೋಡಬಹುದು. ಆ ಎರಡು ವಾರ ಮರಿ ಎಲ್ಲಿದ್ದಳೆಂದು ಆಸ್ಪತ್ರೆಯ ಚೀಟಿ ಹೇಳುತ್ತದೆ. ಈ ಮಾತು ನನ್ನ ಬಾಯಿಂದ ಬಂದರೆ ಕಥೆ. ತಕ್ಕಡಿ ಕಥೆ ಹೇಳುವುದಿಲ್ಲ.

ತೂಕದ ಎರಡು ಪುಟವಷ್ಟೇ ಹರಿದು ಕೊಡೋಣವೆಂದು ಹಿಡಿದೆ. ಮೊದಲನೆಯದು ಆಕಾಶದ ಮಾತಿನ ಬೆನ್ನಿಗಿದೆ. ಹರಿದ ಪುಟವನ್ನು ನನ್ನಂಥವನ ಕೈಯಿಂದ ಯಾರು ನಂಬುತ್ತಾರೆ. ಹಾಗಾಗಿ ಪುಸ್ತಕವೇ ಹೋಗಬೇಕು. ಇದನ್ನು ನನಗೊಬ್ಬನಿಗೆ ಎಂದು ಬರೆದಿದ್ದೆ. ಮೊದಲು ಮರಿ ಓದುತ್ತಾಳೆ, ಆಮೇಲೆ ಅವರು.

ಇದರಿಂದ ಪುಡಿ ಬರುವುದಿಲ್ಲ. ಅವಧಿ ನಾಳೆಗೆ ಮುಗಿಯುತ್ತದೆ, ಅದೂ ಬರುವುದಿಲ್ಲ. ಪರೀಕ್ಷಕರಿಗೆ ಬೇಕಾದದ್ದು ಬಾಟಲಿ, ನನ್ನ ದಿನಚರಿಯಲ್ಲ. ಅವಳು ಕಳ್ಳಿಯಲ್ಲ ಎಂಬುದಷ್ಟೇ ಉಳಿದರೆ ಉಳಿಯಬಹುದು. ಅದೂ ಅವರು ನಂಬಿದರೆ.

ಓದುವವರು ತಿಳಿಯಬೇಕಾದದ್ದು ಇಷ್ಟು. ಮೊದಲ ಪುಟದ ಆಕಾಶದ ಮಾತು ಸುಳ್ಳು. ಆ ನೀಲಿ ಮೂಟೆ ಕಟ್ಟೆಯಿಂದ ಚರಂಡಿಗೆ ಬಿದ್ದಿತ್ತು, ಬೀಳಿಸಿದ್ದು ನಾನು. ಗುಂಡಿನ ತೂಕ ನಿಜ. ರಿಜಿಸ್ಟರಿನ ಹನ್ನೆರಡು ಸಾಲು ಸುಳ್ಳು. ಒಂದು ಚಮಚ ಎಂದದ್ದು ಸುಳ್ಳು, ಒಂದು ಬಾಟಲಿ, ಎರಡು ಬಾಟಲಿ ಎಂದದ್ದೂ ಸುಳ್ಳು. ಡಬ್ಬಿಗೆ ಪುಡಿ ಸಾಲಲಿಲ್ಲ. ಕಸುಬಿನ ಗುಟ್ಟು ಎಂದು ಬರೆದದ್ದು ಕೆಳಗಿನ ಅರೆಯ ಸೀಸೆಗಳನ್ನು. ಅವನ್ನೂ ಸುರಿದೆ. ಡಬ್ಬಿಯ ಗೋಡೆಗೆ ಹಿಡಿದು ಚರಂಡಿಗೆ ಹೋದಷ್ಟನ್ನು ಆ ಮೀಸಲೇ ತುಂಬಿಕೊಟ್ಟಿತು, ಅದಕ್ಕೇ ತೂಕ ಸರಿಬಂತು. ಆಮೇಲೆ ಸೀಸೆಗಳನ್ನು ತೊಳೆದು ಒರೆಸಿ ಬೋರಲು ಹಾಕಿದೆ. ಮರಿ, ನಿನ್ನ ನೆನಪಿಗೆ ಏನೂ ಆಗಿಲ್ಲ.

ಎಂಟು ಬಾಟಲಿ, ಮುನ್ನೂರ ಹದಿನಾರು ಗ್ರಾಂ. ಎಂಟು ಸೀಸೆ, ಎಂಬತ್ತು ಗ್ರಾಂ. ಒಟ್ಟು ಮುನ್ನೂರ ತೊಂಬತ್ತಾರು. ಒಂದು ಚಮಚವೂ ಉಳಿದಿಲ್ಲ.